ಮ್ಯಾಮತ್ ಕಟ್ಟುವವರಿಗೆ ಒಂದು ಬಹಿರಂಗ ಪತ್ರ

ಸ್ಕೇಲ್ ಮಾಡೆಲ್ ಕಟ್ಟುವ ಕನ್ನಡದ ಎಲ್ಲ ಗೆಳೆಯರಿಗೆ, ಗೆಳತಿಯರಿಗೆ,

1941ರ ಏಪ್ರಿಲ್ 8ರಂದು ಲಿಬಿಯಾದ ಮೆಕಿಲಿ ಎಂಬ ಹಳೆಯ ಮರುಭೂಮಿ ಕೋಟೆ ಜರ್ಮನ್ನರ ವಶವಾಯಿತು. ಅವರ ಕೈಗೆ ಸಿಕ್ಕ ಸಾಮಗ್ರಿಯಲ್ಲಿ ಬ್ರಿಟಿಷರ ಮೂರು ಭಾರೀ ವಾಹನಗಳಿದ್ದವು. ಉಕ್ಕಿನ ಗೋಡೆ, ಚಪ್ಪಟೆ ಛಾವಣಿ, ಎತ್ತರದ ಚಕ್ರಗಳ ಆ ವಾಹನಗಳು ದೂರದಿಂದ ನೋಡಿದರೆ ಲಾರಿಯಂತೆಯೂ ಕಾಣುತ್ತಿರಲಿಲ್ಲ, ಟ್ಯಾಂಕಿನಂತೆಯೂ ಕಾಣುತ್ತಿರಲಿಲ್ಲ. ಸೇನಾಧಿಕಾರಿಗಳು ಕುಳಿತು ನಕ್ಷೆ ನೋಡಲು, ವೈರ್‌ಲೆಸ್‌ನಲ್ಲಿ ಆದೇಶ ಕೊಡಲು ಕಟ್ಟಿದ ಓಡಾಡುವ ಕಚೇರಿಗಳವು. ಒಳಗೆ ಇದ್ದ ಅನುಕೂಲ ಕಂಡು ಬ್ರಿಟಿಷ್ ಸೈನಿಕರು ಲಂಡನ್ನಿನ ಐಷಾರಾಮಿ ಹೋಟೆಲಿನ ಹೆಸರನ್ನೇ ಅದಕ್ಕೆ ಇಟ್ಟಿದ್ದರು: ಡಾರ್ಚೆಸ್ಟರ್. ಜರ್ಮನ್ನರು ಅದರ ಗಾತ್ರ ನೋಡಿ ಮ್ಯಾಮತ್ ಎಂದರು. ಜರ್ಮನ್ ಸೇನಾನಿ ರೊಮ್ಮೆಲ್‌ನ ಬಳಗ ತಾನು ಇಟ್ಟುಕೊಂಡ ಎರಡಕ್ಕೆ ಮ್ಯಾಕ್ಸ್, ಮೊರಿಟ್ಜ್ ಎಂದು ಹೆಸರಿಟ್ಟಿತು. ವಿಲ್ಹೆಲ್ಮ್ ಬುಶ್ 1865ರಲ್ಲಿ ಬರೆದ ಮಕ್ಕಳ ಕಥೆಯ ಇಬ್ಬರು ತುಂಟ ಹುಡುಗರ ಹೆಸರುಗಳವು.

ಈ ಪತ್ರ ಆ ವಾಹನದ ಬಗ್ಗೆ, ಅದನ್ನು ಕಟ್ಟುವ ನಿಮ್ಮ ಬಗ್ಗೆ.

ತೈವಾನಿನ ಎಎಫ್‌ವಿ ಕ್ಲಬ್ ಕಂಪನಿ ಇದನ್ನು 1/35 ಅಳತೆಯಲ್ಲಿ ಕಿಟ್ ಆಗಿ ಹೊರತಂದಿದೆ. ಬ್ರಿಟಿಷ್ ಡಾರ್ಚೆಸ್ಟರ್ ಆಗಿಯೂ ಕಟ್ಟಬಹುದು, ರೊಮ್ಮೆಲ್‌ನ ಮ್ಯಾಮತ್ ಆಗಿಯೂ ಕಟ್ಟಬಹುದು. ಬಹುಪಾಲು ಜನ ಎರಡನೆಯದನ್ನೇ ಆರಿಸುತ್ತಾರೆ. ಕಪ್ಪು ಬಿಳುಪು ಶಿಲುಬೆ ಗುರುತು ಅಂಟಿಸಿ, ಎಲ್ಲ ಬಾಗಿಲು ಮುಚ್ಚಿ, ಛಾವಣಿಯ ಮೇಲೆ ಕನ್ನಡಕ ಹಾಕಿದ ಜನರಲ್‌ನನ್ನು ನಿಲ್ಲಿಸಿ, ಮೈತುಂಬ ತುಕ್ಕು ಬಳಿದು ಮುಗಿಸುತ್ತಾರೆ. ಕೈಚಳಕಕ್ಕೆ ಕೊರತೆ ಇರುವುದಿಲ್ಲ. ಆದರೆ ಕಮಾಂಡ್ ವಾಹನವನ್ನು ಹಾಗೆ ಕಟ್ಟಿದರೆ ಅದರ ಮುಖ್ಯ ಭಾಗವೇ ಬಿಟ್ಟುಹೋಗುತ್ತದೆ. ಟ್ಯಾಂಕಿನ ಕೆಲಸ ಅದರ ಫಿರಂಗಿಯಲ್ಲಿ ಕಾಣುತ್ತದೆ. ಕಮಾಂಡ್ ವಾಹನದ ಕೆಲಸ ನಡೆಯುವುದು ಒಳಗೆ, ಮೇಜಿನ ಮೇಲೆ ಮತ್ತು ಹೆಡ್‌ಫೋನಿನಲ್ಲಿ. ಆದ್ದರಿಂದ ಈ ಮಾಡೆಲನ್ನು ಒಳಗಿನಿಂದ ಹೊರಕ್ಕೆ ಕಟ್ಟಬೇಕು. ಜೊತೆಗೆ, ಅದು ಯಾರ ಕಣ್ಣೆದುರು ಕೈಬದಲಾಯಿತು ಎಂಬುದನ್ನೂ ತಿಳಿದಿರಬೇಕು. ಭಾರತದಲ್ಲಿ ಕುಳಿತು ಇದನ್ನು ಕಟ್ಟುವವರಿಗಂತೂ ಆ ಎರಡನೆಯ ಮಾತು ಬಹಳ ಮುಖ್ಯ.

ಮೊದಲು ಅಳತೆಯ ಲೆಕ್ಕ. ಡಾರ್ಚೆಸ್ಟರ್‌ನ ಚಾಸಿಸ್ ಎಇಸಿ ಕಂಪನಿಯ ಮ್ಯಾಟಡಾರ್ ಲಾರಿಯದು. ಎಂಜಿನ್ 95 ಅಶ್ವಶಕ್ತಿಯ ಡೀಸೆಲ್, ತೂಕ ಸುಮಾರು 12 ಟನ್, ಉದ್ದ ಸುಮಾರು 6.1 ಮೀಟರ್, ಎತ್ತರ ಸುಮಾರು 2.9 ಮೀಟರ್. 1/35ಕ್ಕೆ ಇಳಿಸಿದರೆ ಉದ್ದ 17.4 ಸೆಂ.ಮೀ., ಎತ್ತರ 8.3 ಸೆಂ.ಮೀ. ಆಗುತ್ತದೆ. ಪಕ್ಕದಲ್ಲಿ ನಿಲ್ಲುವ ಆಳು 5 ಸೆಂ.ಮೀ. ಅಂದಹಾಗೆ, ಈ 1/35 ಎಂಬ ಅಳತೆಗೆ ಯಾವ ಶಾಸ್ತ್ರಾಧಾರವೂ ಇಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ತನ್ನ ಪ್ಯಾಂಥರ್ ಟ್ಯಾಂಕಿನ ಕಿಟ್ಟಿನೊಳಗೆ ಮೋಟರು ಮತ್ತು ಬ್ಯಾಟರಿ ಹಿಡಿಸಬೇಕೆಂದು ಗಾತ್ರ ನಿಗದಿ ಮಾಡಿತು. ಆಮೇಲೆ ಅಳೆದು ನೋಡಿದಾಗ ಅದು 1/35ರ ಸುಮಾರಿಗೆ ಬಂದಿತ್ತು. ಮುಂದೆ ಸೇನಾ ವಾಹನಗಳ ಮಾಡೆಲಿಗೆ ಜಗತ್ತೇ ಅದನ್ನು ಒಪ್ಪಿಕೊಂಡಿತು.

ಈಗ ಉಕ್ಕಿನ ತಗಡಿನ ಮಾತು. ಡಾರ್ಚೆಸ್ಟರ್‌ನ ಗೋಡೆಯ ದಪ್ಪ 9ರಿಂದ 12 ಮಿ.ಮೀ. ಹನ್ನೆರಡನ್ನು ಮೂವತ್ತೈದರಿಂದ ಭಾಗಿಸಿದರೆ 0.34 ಮಿ.ಮೀ. ಬರುತ್ತದೆ. ಕಿಟ್ಟಿನ ಪ್ಲಾಸ್ಟಿಕ್ ಭಾಗ ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸಿನಲ್ಲಿ ಇರುತ್ತದೆ. ಅಂದರೆ ತೆರೆದ ಕಿಟಕಿಯ ಮುಚ್ಚಳವನ್ನು ಹಾಗೆಯೇ ಅಂಟಿಸಿದರೆ, ನೋಡುವವರ ಕಣ್ಣಿಗೆ ಅದು 35 ಮಿ.ಮೀ. ದಪ್ಪದ ಕವಚವಾಗಿ ಕಾಣುತ್ತದೆ. ಆ ಕಾಲದ ಅನೇಕ ಟ್ಯಾಂಕುಗಳಿಗೂ ಅಷ್ಟು ದಪ್ಪದ ಪಕ್ಕದ ಕವಚ ಇರಲಿಲ್ಲ. ಮುಚ್ಚಳಗಳನ್ನು ಮುಚ್ಚಿಯೇ ಇಟ್ಟರೆ ಈ ತಪ್ಪು ಕಾಣುವುದಿಲ್ಲ, ತೆರೆದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಪರಿಹಾರ ಕಷ್ಟದ್ದಲ್ಲ. ಇಡೀ ಮುಚ್ಚಳವನ್ನು ತೆಳುಮಾಡುವ ಗೋಜು ಬೇಡ. ಒಳಮೈಯ ಅಂಚನ್ನು ಮಾತ್ರ ಸ್ಯಾಂಡ್‌ಪೇಪರಿನಿಂದ ಇಳಿಜಾರಾಗಿ ಉಜ್ಜಿದರೆ ಸಾಕು, ಏಕೆಂದರೆ ಕಣ್ಣು ದಪ್ಪವನ್ನು ಅಂಚಿನಲ್ಲೇ ಅಳೆಯುತ್ತದೆ. ಇನ್ನೂ ಶ್ರದ್ಧೆ ಇರುವವರು 0.3 ಮಿ.ಮೀ. ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸದಾಗಿಯೇ ಕತ್ತರಿಸಿಕೊಳ್ಳಬಹುದು.

ನಕ್ಷೆಯದು ಇದಕ್ಕಿಂತ ಸೂಕ್ಷ್ಮ ಕೆಲಸ. ಪ್ರಿಂಟರಿಗೆ ಹಾಕುವ ಸಾಮಾನ್ಯ ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಮಾಡೆಲಿನೊಳಗೆ ಅದು ಮೂರೂವರೆ ಮಿಲಿಮೀಟರಿನ ರಟ್ಟು! ಮಡಚಿದರೆ ನಕ್ಷೆಯಂತೆ ಬೀಳುವುದಿಲ್ಲ, ಹಲಗೆಯಂತೆ ಸೆಟೆದು ನಿಲ್ಲುತ್ತದೆ. ಟಿಶ್ಯೂ ಕಾಗದವನ್ನು ಎ4 ಹಾಳೆಗೆ ಅಂಚುಗಳಲ್ಲಿ ಅಂಟಿಸಿ ಪ್ರಿಂಟ್ ತೆಗೆಯುವುದು ಒಂದು ದಾರಿ. ಮಾಮೂಲಿ ಹಾಳೆಯಲ್ಲೇ ಪ್ರಿಂಟ್ ತೆಗೆದು ಹಿಂಬದಿಯನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಿ ಉಜ್ಜಿ ತೆಳುಮಾಡುವುದು ಇನ್ನೊಂದು. ನೀರು ಬೆರೆಸಿದ ಫೆವಿಕಾಲ್ ಸವರಿ, ಒದ್ದೆ ಇರುವಾಗಲೇ ಮೇಜಿನ ಅಂಚಿಗೆ ಬಾಗಿಸಿದರೆ ನಿಜವಾದ ಕಾಗದದ ಬಳುಕು ಬರುತ್ತದೆ. ಮೇಜಿನ ಮೇಲೆ ಹಾಸಿದ 70 ಸೆಂ.ಮೀ. ಅಗಲದ ನಕ್ಷೆ 1/35ರಲ್ಲಿ 2 ಸೆಂ.ಮೀ. ಮಾತ್ರ. ಅದರಲ್ಲಿ ಏನಿರಬೇಕು ಎಂಬುದನ್ನೂ ಯೋಚಿಸಿ. ಯುರೋಪಿನ ಊರುಗಳಿಂದ ಕಿಕ್ಕಿರಿದ ನಕ್ಷೆಯನ್ನು ಲಿಬಿಯಾದ ವಾಹನದಲ್ಲಿ ಹಾಸಬೇಡಿ. ಮರುಭೂಮಿಯ ನಕ್ಷೆ ಬಹುಪಾಲು ಖಾಲಿ: ಕೆಲವು ಕಾಲುದಾರಿ, ಒಂದೆರಡು ಬಾವಿ, ಮೇಲ್ಗಡೆ ಸಮುದ್ರತೀರ. ಅದರ ಮೇಲೆ ಪಾರದರ್ಶಕ ಹಾಳೆ ಹಾಸಿ, ಮೇಣದ ಪೆನ್ಸಿಲಿನಲ್ಲಿ ಎಳೆದಂತೆ ನಾಲ್ಕು ಗೆರೆ ಎಳೆದರೆ, ಅಲ್ಲಿ ಯಾರೋ ಈಗ ತಾನೇ ಕೆಲಸ ಮಾಡುತ್ತಿದ್ದರು ಅನ್ನಿಸುತ್ತದೆ.

ವೈರುಗಳಿಗಾಗಿ ದುಬಾರಿ ಸೆಟ್ ಕೊಳ್ಳಬೇಕಿಲ್ಲ. ನಿಜದಲ್ಲಿ 5 ಮಿ.ಮೀ. ದಪ್ಪದ ಕೇಬಲ್ 1/35ಕ್ಕೆ 0.14 ಮಿ.ಮೀ. ಆಗುತ್ತದೆ. ಕೆಟ್ಟುಹೋದ ಚಾರ್ಜರಿನ ವೈರು ಸಿಗಿದರೆ ಒಳಗಿನ ತಾಮ್ರದ ಎಳೆ ಹೆಚ್ಚುಕಡಿಮೆ ಅದೇ ದಪ್ಪ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ. ಮೋಟರು ಸುತ್ತುವ ಎನಾಮಲ್ ತಂತಿಯೂ ಅಲ್ಲಿ ಸಿಗುತ್ತದೆ, ಒಂದು ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲದ 0402 ಎಲ್‌ಇಡಿಯೂ ಸಿಗುತ್ತದೆ. ಮಾಡೆಲಿನೊಳಗೆ ಆ ಎಲ್‌ಇಡಿ ಮೂರೂವರೆ ಸೆಂಟಿಮೀಟರಿನ ಬಲ್ಬು. ನಕ್ಷೆಯ ಮೇಜಿನ ಮೇಲೆ ಅಂಥದ್ದೊಂದನ್ನು ಹಳದಿ ಬಣ್ಣ ಸವರಿ, ಮಂದವಾಗಿ ಉರಿಯುವಂತೆ ಇಟ್ಟರೆ ಒಳಗಿನ ಕೆಲಸವೆಲ್ಲ ಕಿಟಕಿಯಿಂದ ಕಾಣುತ್ತದೆ. ಆಂಟೆನಾಕ್ಕೆ ಸ್ಪ್ರೂ ತುಂಡನ್ನು ಮೇಣದಬತ್ತಿಯ ಮೇಲೆ ಕಾಯಿಸಿ ಎಳೆಯುವ ಹಳೆಯ ವಿದ್ಯೆಯೇ ಸಾಕು. ಮೆತ್ತಗಾದೊಡನೆ ಜ್ವಾಲೆಯಿಂದ ಹೊರತೆಗೆದು ಎಳೆಯಬೇಕು. ಬೇಗ ಎಳೆದರೆ ಕೂದಲಿನಷ್ಟು ಸಪೂರ, ನಿಧಾನ ಎಳೆದರೆ ಕಡ್ಡಿಯಷ್ಟು ದಪ್ಪ.

ವೈರ್‌ಲೆಸ್ ಸೆಟ್ಟಿನ ವಿಷಯದಲ್ಲಿ ಒಂದು ಎಚ್ಚರ. ನಂತರದ ವರ್ಷಗಳ ಡಾರ್ಚೆಸ್ಟರ್‌ಗಳಲ್ಲಿ ನಂ. 19 ಸೆಟ್ ಇರುತ್ತಿತ್ತು. ಅದರಲ್ಲಿ ಕೆನಡಾದಲ್ಲಿ ತಯಾರಾದ ಸೆಟ್ಟುಗಳ ಮುಖದ ಮೇಲೆ ಇಂಗ್ಲಿಷ್ ಜೊತೆಗೆ ರಷ್ಯನ್ ಅಕ್ಷರಗಳೂ ಇದ್ದವು, ಸೋವಿಯತ್ ಸೇನೆಗೂ ಅವನ್ನು ಕಳಿಸುತ್ತಿದ್ದರಿಂದ. ಅಂಗಡಿಯಲ್ಲಿ ಸಿಗುವ ರೆಸಿನ್ ಸೆಟ್ಟುಗಳು, ಮುದ್ರಿತ ಡಯಲ್‌ಗಳು ಹೆಚ್ಚಾಗಿ ಇಂಥ ಜನಪ್ರಿಯ ಮಾದರಿಯವೇ. ಕಟ್ಟುವ ಮೊದಲು ಯಾವ ವರ್ಷದ, ಯಾವ ತಿಂಗಳ ವಾಹನ ಎಂದು ನಿರ್ಧರಿಸಿಕೊಳ್ಳಿ. 1941ರ ವಸಂತಕಾಲದ ವಾಹನಕ್ಕೆ 1943ರ ರಷ್ಯನ್ ಅಕ್ಷರ ಹೊಂದುವುದಿಲ್ಲ.

ಬಣ್ಣದ ಜಗಳ ನಿಮಗೆಲ್ಲ ಗೊತ್ತಿರುವುದೇ. ಕಪ್ಪುಬಿಳುಪು ಫೋಟೋ ತೋರಿಸಿ ಇದು ಇಂಥದ್ದೇ ಬಣ್ಣ ಎಂದು ಆಣೆ ಮಾಡುವವರಿದ್ದಾರೆ. ಆ ಕಾಲದಲ್ಲಿ ಎರಡು ಬಗೆಯ ಫಿಲ್ಮು ಚಾಲ್ತಿಯಲ್ಲಿದ್ದವು. ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ, ಅದು ಕಪ್ಪಾಗಿ ಬೀಳುತ್ತದೆ. ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಅದೇ ಬಣ್ಣ ಬೂದಾಗಿ ಬರುತ್ತದೆ. ಆದ್ದರಿಂದ ಫೋಟೋದಿಂದ ಗಾಢತೆಯ ವ್ಯತ್ಯಾಸ ತಿಳಿಯಬಹುದೇ ಹೊರತು ಬಣ್ಣವನ್ನಲ್ಲ. ಆಫ್ರಿಕಾದಲ್ಲಿನ ಜರ್ಮನ್ ವಾಹನಗಳಿಗೆ ಆರ್‌ಎಎಲ್ 8000 ಎಂಬ ಹಳದಿಗಂದು ಬಣ್ಣ ಬಳಿಯಬೇಕೆಂಬ ಆದೇಶ ಹೊರಟದ್ದು 1941ರ ಮಾರ್ಚಿನಲ್ಲಿ. ಬ್ರಿಟಿಷರಿಗೆ ಆಗ ತಮ್ಮದೇ ಮರಳುಬಣ್ಣಗಳಿದ್ದವು. ವಶಪಡಿಸಿಕೊಂಡ ವಾಹನಕ್ಕೆ ಶಿಲುಬೆ ಬರೆಯುವುದು ಗಂಟೆಯ ಕೆಲಸ, ಇಡೀ ಮೈಗೆ ಬಣ್ಣ ಬಳಿಯುವುದು ಪುರುಸೊತ್ತಿನ ಕೆಲಸ. ಏಪ್ರಿಲ್ ಎರಡನೇ ವಾರದ ಮ್ಯಾಮತ್ ಕಟ್ಟುವವರು ಬ್ರಿಟಿಷ್ ಬಣ್ಣದ ಮೇಲೆಯೇ ಶಿಲುಬೆ ಬರೆದಂತೆ ಮಾಡಿದರೆ ಸಹಜವಾಗಿರುತ್ತದೆ.

ತುಕ್ಕನ್ನಂತೂ ದಯವಿಟ್ಟು ಕಡಿಮೆ ಮಾಡಿ. ಮೆಕಿಲಿಯಲ್ಲಿ ಸಿಕ್ಕ ವಾಹನಗಳು ತೀರ ಹೊಸವು. ಒಣ ಮರುಭೂಮಿಯಲ್ಲಿ ಉಕ್ಕು ತಿಂಗಳೊಪ್ಪತ್ತಿನಲ್ಲಿ ತುಕ್ಕು ಹಿಡಿದು ಸೋರುವುದಿಲ್ಲ. ಅಲ್ಲಿ ಆಗುವುದು ಬೇರೆ. ಗಾಳಿಯ ಮರಳು ಕೆಳಭಾಗದ ಬಣ್ಣವನ್ನು ಉಜ್ಜಿ ಹಾಕುತ್ತದೆ, ಎಣ್ಣೆ ಸೋರಿದಲ್ಲಿ ಧೂಳು ಮೆತ್ತಿಕೊಂಡು ಕಪ್ಪಾಗುತ್ತದೆ, ಜನ ಹತ್ತಿ ಇಳಿಯುವ ಮೆಟ್ಟಿಲು ಮತ್ತು ಛಾವಣಿಯ ಅಂಚು ಸವೆದು ಹೊಳೆಯುತ್ತದೆ. ಕಚೇರಿಯ ಬಾಗಿಲಿನಲ್ಲಿ ಹಗಲು ರಾತ್ರಿ ಓಡಾಟ, ಆದ್ದರಿಂದ ಸವೆತ ಅಲ್ಲಿಯೇ ಹೆಚ್ಚು. ಬಣ್ಣ ಬಳಿಯುವ ದಿನದ ಬಗ್ಗೆಯೂ ಒಂದು ಮಾತು: ಮಂಗಳೂರು, ಉಡುಪಿ, ಕಾರವಾರದವರು ಮಳೆಗಾಲದಲ್ಲಿ ಲ್ಯಾಕರ್ ಏರ್‌ಬ್ರಶ್ ಮಾಡಿದರೆ ತೇವಕ್ಕೆ ಬಣ್ಣ ಬೆಳ್ಳಗೆ ಮಂಜುಗಟ್ಟುತ್ತದೆ. ಅಂಥ ತಿಂಗಳುಗಳಲ್ಲಿ ಒಳಗಿನ ಮೇಜು, ಕುರ್ಚಿ, ವೈರುಗಳ ಕೆಲಸ ಮುಗಿಸಿಕೊಳ್ಳಬಹುದು.

ಇನ್ನು ಮೆಕಿಲಿಯ ಕಥೆಗೆ ಬರೋಣ. ಆ ಕಮಾಂಡ್ ವಾಹನಗಳ ಸುತ್ತ ಕಾವಲಿಗೆ ನಿಂತಿದ್ದ ಪಡೆಯಲ್ಲಿ ಬಹುದೊಡ್ಡ ಭಾಗ ಭಾರತದಿಂದ ಹೋದದ್ದು. 3ನೇ ಇಂಡಿಯನ್ ಮೋಟರ್ ಬ್ರಿಗೇಡ್ ಅದರ ಹೆಸರು. 2ನೇ ರಾಯಲ್ ಲ್ಯಾನ್ಸರ್ಸ್, 11ನೇ ಪ್ರಿನ್ಸ್ ಆಲ್ಬರ್ಟ್ ವಿಕ್ಟರ್ಸ್ ಓನ್ ಕ್ಯಾವಲ್ರಿ, 18ನೇ ಕಿಂಗ್ ಎಡ್ವರ್ಡ್ಸ್ ಓನ್ ಕ್ಯಾವಲ್ರಿ ಅದರ ಮೂರು ರೆಜಿಮೆಂಟುಗಳು. ಆಗಷ್ಟೇ ಕುದುರೆ ಬಿಟ್ಟು ಲಾರಿ ಹತ್ತಿದ್ದ ಅಶ್ವದಳ. ಅವರಿಗೆ ಟ್ಯಾಂಕ್ ಇರಲಿಲ್ಲ, ತಮ್ಮದೇ ಆದ ಫಿರಂಗಿ ಇರಲಿಲ್ಲ, ಬೇಕಾದಷ್ಟು ವೈರ್‌ಲೆಸ್ ಸೆಟ್ಟುಗಳೂ ಇರಲಿಲ್ಲ. ಇಂಥ ಪಡೆಯನ್ನು ರೊಮ್ಮೆಲ್‌ನ ದಾರಿಗೆ ಅಡ್ಡ ನಿಲ್ಲಿಸಲಾಗಿತ್ತು. ಹಿಮ್ಮೆಟ್ಟುತ್ತಿದ್ದ ಬ್ರಿಟಿಷ್ 2ನೇ ಆರ್ಮರ್ಡ್ ಡಿವಿಷನ್ನಿನ ಮುಖ್ಯಸ್ಥ ಜನರಲ್ ಗ್ಯಾಂಬಿಯರ್-ಪ್ಯಾರಿ ತನ್ನ ಕಚೇರಿ ಸಮೇತ ಅಲ್ಲಿಗೆ ಬಂದು ಸೇರಿದ್ದ. ಶರಣಾಗಿ ಎಂದು ಜರ್ಮನ್ನರು ಕಳಿಸಿದ ಕರೆಗಳನ್ನು ಭಾರತೀಯ ಬ್ರಿಗೇಡ್ ತಿರಸ್ಕರಿಸಿತು. 8ರ ಬೆಳಗಿನ ಜಾವ ಸುತ್ತುವರಿದವರನ್ನು ಭೇದಿಸಿ ಹೊರಹೋಗುವ ಯತ್ನ ನಡೆಯಿತು. ಕೆಲವು ತುಕಡಿಗಳು ಪಾರಾದವು, ಹೆಚ್ಚಿನವರು ಸೆರೆಯಾದರು. ಗ್ಯಾಂಬಿಯರ್-ಪ್ಯಾರಿಯೂ ಸಿಕ್ಕಿಬಿದ್ದ, ಅವನ ವಾಹನಗಳೂ ಸಿಕ್ಕಿದವು. ಎಷ್ಟೋ ಫೋಟೋಗಳಲ್ಲಿ ರೊಮ್ಮೆಲ್‌ನ ಟೋಪಿಯ ಮೇಲೆ ಕಾಣುವ ಆ ಕನ್ನಡಕವೂ ಅಲ್ಲಿ ಸಿಕ್ಕ ಬ್ರಿಟಿಷ್ ಸಾಮಾನಿನಿಂದ ಎತ್ತಿಕೊಂಡದ್ದು ಎಂದು ಅವನ ಸಹಾಯಕನಾಗಿದ್ದ ಶ್ಮಿಟ್ ಬರೆದಿದ್ದಾನೆ.

ಪಾರಾದವರಲ್ಲಿ 2ನೇ ರಾಯಲ್ ಲ್ಯಾನ್ಸರ್ಸ್‌ನ ಮೇಜರ್ ರಾಜೇಂದ್ರಸಿಂಹಜಿ ಒಬ್ಬರು. ತಮ್ಮ ಸ್ಕ್ವಾಡ್ರನ್ನನ್ನು ಮುತ್ತಿಗೆಯಿಂದ ಹೊರತಂದರು, ಬರುವ ದಾರಿಯಲ್ಲಿ ಶತ್ರುಗಳನ್ನು ಸೆರೆಯನ್ನೂ ಹಿಡಿದರು. ಅದಕ್ಕಾಗಿ ಅವರಿಗೆ ಡಿಎಸ್‌ಒ ಎಂಬ ಬ್ರಿಟಿಷ್ ಸೇನಾ ಪದಕ ಬಂತು. ಎರಡನೇ ಮಹಾಯುದ್ಧದಲ್ಲಿ ಆ ಗೌರವ ಪಡೆದ ಮೊದಲ ಭಾರತೀಯ ಅಧಿಕಾರಿ ಅವರು. 1953ರ ಜನವರಿಯಲ್ಲಿ ಕೊಡಗಿನ ಜನರಲ್ ಕೆ.ಎಂ. ಕಾರ್ಯಪ್ಪ ನಿವೃತ್ತರಾದಾಗ ಭಾರತೀಯ ಭೂಸೇನೆಯ ಹೊಣೆ ಹೊತ್ತವರೂ ಅವರೇ. 18ನೇ ಕ್ಯಾವಲ್ರಿ ಮುಂದೆ ಟೊಬ್ರುಕ್ ಮುತ್ತಿಗೆಯಲ್ಲಿ ಕಾದಾಡಿತು. ಆ ಮೂರು ರೆಜಿಮೆಂಟುಗಳಲ್ಲಿ ಎರಡು ಇಂದಿಗೂ ಭಾರತದ ಸೇನೆಯಲ್ಲಿವೆ. 11ನೆಯದು ದೇಶ ವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಹೋಯಿತು. ಮ್ಯಾಮತ್ ಕಟ್ಟುವಾಗ ಕಿಟ್ಟಿನ ಡಬ್ಬಿಯ ಮೇಲಿನ ಜರ್ಮನ್ ಜನರಲ್‌ನ ಚಿತ್ರ ಮಾತ್ರ ನೋಡಿ ಈ ಜನರನ್ನು ಮರೆಯುವುದು ನ್ಯಾಯವಲ್ಲ.

1941ರ ನವೆಂಬರಿನಲ್ಲಿ ಮ್ಯಾಮತ್‌ಗೂ ಭಾರತೀಯರಿಗೂ ಇನ್ನೊಮ್ಮೆ ಭೇಟಿಯಾಯಿತು. ಬ್ರಿಟಿಷರ ಕ್ರುಸೇಡರ್ ಕಾರ್ಯಾಚರಣೆ ನಡೆಯುತ್ತಿತ್ತು. 24ರಂದು ರೊಮ್ಮೆಲ್ ಈಜಿಪ್ಟಿನ ಗಡಿಯತ್ತ ನುಗ್ಗಿದ. ಗಡಿಯುದ್ದಕ್ಕೂ ಇಟಾಲಿಯನ್ನರು ಕಟ್ಟಿದ್ದ ಮುಳ್ಳುತಂತಿಯ ಬೇಲಿ ಇತ್ತು. ರಾತ್ರಿ ಅವನ ವಾಹನ ಕೆಟ್ಟು ನಿಂತಿತು. ಇನ್ನೊಬ್ಬ ಜರ್ಮನ್ ಜನರಲ್ ಕ್ರೂವೆಲ್ ತನ್ನ ಮ್ಯಾಮತ್‌ನಲ್ಲಿ ಬಂದು ಹತ್ತಿಸಿಕೊಂಡ. ಬೇಲಿ ದಾಟುವ ಸಂದು ಸಿಗಲಿಲ್ಲ. ಹತ್ತು ಅಧಿಕಾರಿಗಳು, ಐದು ಸೈನಿಕರು ಆ ಡಬ್ಬಿಯೊಳಗೆ ರಾತ್ರಿ ಕಳೆದರು. ಸುತ್ತಮುತ್ತ ಭಾರತೀಯ ಸಂದೇಶವಾಹಕರು ಮೋಟರ್‌ಸೈಕಲ್ಲಿನಲ್ಲಿ ಓಡಾಡುತ್ತಿದ್ದರು, ಬ್ರಿಟಿಷ್ ಟ್ಯಾಂಕುಗಳು ಸಾಗುತ್ತಿದ್ದವು, ಕೆಲವೊಮ್ಮೆ ಇನ್ನೂರು ಮುನ್ನೂರು ಗಜ ದೂರದಲ್ಲಿ. ಯಾರಿಗೂ ಅನುಮಾನ ಬರಲಿಲ್ಲ, ಏಕೆಂದರೆ ಕಣ್ಣಿಗೆ ಕಂಡದ್ದು ತಮ್ಮದೇ ಸೇನೆಯ ಡಾರ್ಚೆಸ್ಟರ್. ರೊಮ್ಮೆಲ್‌ನ ಬಳಗದಲ್ಲಿದ್ದ ಬೇಯರ್‌ಲೈನ್ ಇದನ್ನು ದಾಖಲಿಸಿದ್ದಾನೆ. ಬ್ರಿಟಿಷ್ ಲೇಖಕ ಲಿಡೆಲ್ ಹಾರ್ಟ್ 1953ರಲ್ಲಿ ಸಂಪಾದಿಸಿದ ರೊಮ್ಮೆಲ್ ದಾಖಲೆಗಳ ಪುಸ್ತಕದಲ್ಲಿ ಅದು ಸಿಗುತ್ತದೆ.

ಡಯೋರಾಮ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ. ತೊಡಕು ಒಂದೇ: ಇನ್ನೂರು ಗಜ ಅಂದರೆ 183 ಮೀಟರ್. 1/35ರಲ್ಲಿ ಅದು 5.2 ಮೀಟರ್, ಯಾರ ಮನೆಯ ಕಪಾಟಿಗೂ ಹಿಡಿಸದು. ಹಾಗಾಗಿ ಇಲ್ಲಿ ರಂಗಮಂದಿರದವರ ಉಪಾಯ ಬೇಕು, ದೂರದ್ದನ್ನು ಚಿಕ್ಕದಾಗಿ ಮಾಡಿ ಹತ್ತಿರ ಇಡುವುದು. ಮುಂದೆ ಕಿಂಡಿ ಇರುವ ಪೆಟ್ಟಿಗೆಯೊಂದನ್ನು ಊಹಿಸಿಕೊಳ್ಳಿ. ನೋಡುವ ಕಣ್ಣಿಗೂ ಮ್ಯಾಮತ್‌ಗೂ 40 ಸೆಂ.ಮೀ., ಪೆಟ್ಟಿಗೆಯ ಹಿಂಗೋಡೆಗೆ 60 ಸೆಂ.ಮೀ. ಕಣ್ಣಿನಿಂದ ವಾಹನಕ್ಕೆ ಇರುವ 40 ಸೆಂ.ಮೀ. ನಿಜದಲ್ಲಿ 14 ಮೀಟರ್. ಸವಾರ ಇರಬೇಕಾದ್ದು ಅದರಾಚೆ 183 ಮೀಟರ್, ಒಟ್ಟು 197. ಅವನನ್ನು 60 ಸೆಂ.ಮೀ. ದೂರದಲ್ಲಿ ನಿಲ್ಲಿಸಬೇಕಾದರೆ ಅಳತೆ ಸುಮಾರು 1/330 ಆಗಬೇಕು. ಮೋಟರ್‌ಸೈಕಲ್ ಸಮೇತ ಎತ್ತರ ನಾಲ್ಕೈದು ಮಿಲಿಮೀಟರ್. ಯುದ್ಧದಾಟ ಆಡುವವರು ಬಳಸುವ 1/300 ಅಳತೆಯ ಪುಟ್ಟ ಆಕೃತಿಗಳು ಇದಕ್ಕೆ ಹತ್ತಿರ. ಅವನು ಪೇಟ ಸುತ್ತಿದ್ದನೋ ಹೆಲ್ಮೆಟ್ ಹಾಕಿದ್ದನೋ ಆ ಗಾತ್ರದಲ್ಲಿ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಮುಂದೆ ದೊಡ್ಡ ವಾಹನದ ಕಿಟಕಿಯ ಸಂದಿನಲ್ಲಿ ಮಂದ ಬೆಳಕು, ನಕ್ಷೆಯ ಮೇಲೆ ಬಾಗಿದ ತಲೆಗಳು. ಹಿಂದೆ, ನಸುಕಿನಲ್ಲಿ ಒಬ್ಬ ಭಾರತೀಯ ಸವಾರ. ಯಾರು ಯಾರನ್ನು ಕಾಣುತ್ತಿದ್ದಾರೆ, ಯಾರು ಕಾಣುತ್ತಿಲ್ಲ ಎಂಬುದು ನೋಡುವವರಿಗೆ ತಾನಾಗಿ ತಿಳಿಯುತ್ತದೆ.

ಆ ಮರುಭೂಮಿಯಲ್ಲಿ ಕಮಾಂಡ್ ವಾಹನಗಳು ಕೈಬದಲಾಗುವುದು ಅಪರೂಪವೇನಲ್ಲ. ಬ್ರಿಟಿಷ್ ಜನರಲ್ ಮಾಂಟ್‌ಗೊಮರಿ ಕಚೇರಿ ಮಾಡಿಕೊಂಡಿದ್ದ ಕ್ಯಾರವಾನ್ ಇಟಾಲಿಯನ್ ಜನರಲ್ ಬೆರ್ಗೊಂಜೋಲಿಯದು, 1941ರ ಫೆಬ್ರುವರಿಯಲ್ಲಿ ಸಿಕ್ಕಿದ್ದು. ಅದರೊಳಗೆ ಮಾಂಟ್‌ಗೊಮರಿ ರೊಮ್ಮೆಲ್‌ನ ಚಿತ್ರ ತೂಗುಹಾಕಿಕೊಂಡಿದ್ದ. ಮಾಂಟ್‌ಗೊಮರಿಯ ಮೂರು ಕ್ಯಾರವಾನ್‌ಗಳು ಇಂಗ್ಲೆಂಡಿನ ಡಕ್ಸ್‌ಫರ್ಡ್ ಸಂಗ್ರಹಾಲಯದಲ್ಲಿವೆ. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಹೋದರೆ ಕಿಟಕಿಯಿಂದ ಒಳಗೆ ನೋಡಿ ಬನ್ನಿ. ಮೇಜು ಎಷ್ಟು ಚಿಕ್ಕದು, ನಕ್ಷೆಗೆ ಎಷ್ಟು ಜಾಗ ಬಿಟ್ಟಿದ್ದಾರೆ ಎಂಬುದು ಯಾವ ಕಿಟ್ಟಿನ ಸೂಚನಾ ಹಾಳೆಯಲ್ಲೂ ಸಿಗದ ಪಾಠ. ಒಂದೇ ಒಂದು ಫೋಟೋ ನೋಡಿ ಕಲಿಯಬೇಕೆಂದರೆ 1940ರ ಮೇ ತಿಂಗಳಿನದು ನೋಡಿ: ಫ್ರಾನ್ಸಿನಲ್ಲಿ ಜರ್ಮನ್ ಜನರಲ್ ಗುಡೇರಿಯನ್ ತನ್ನ ಹಾಫ್‌ಟ್ರ್ಯಾಕ್ ಕಮಾಂಡ್ ವಾಹನದಲ್ಲಿ ನಿಂತಿದ್ದಾನೆ, ಕೆಳಗೆ ಸೈನಿಕರು ಸಂಕೇತಲಿಪಿಯ ಎನಿಗ್ಮಾ ಯಂತ್ರದ ಮುಂದೆ ಕುಳಿತಿದ್ದಾರೆ. ಜನರಲ್‌ನಿಂದ ಕಣ್ಣು ತೆಗೆದು ಆ ಆಪರೇಟರ್‌ಗಳ ಕೈ, ವೈರು, ಕಾಗದ ನೋಡಿ. ಕಟ್ಟಬೇಕಾದದ್ದು ಅದನ್ನು.

ಇಷ್ಟೆಲ್ಲ ಹೇಳಿದ ಮೇಲೆ ಕೋರಿಕೆಗಳು ಎರಡು. ಕಿಟಕಿ, ಬಾಗಿಲು ತೆರೆದಿಡಿ, ಒಳಗೆ ದುಡಿದವರು ಕಾಣಲಿ. ಪ್ರದರ್ಶನದಲ್ಲಿ ಮಾಡೆಲಿನ ಮುಂದೆ ಇಡುವ ಚೀಟಿಯಲ್ಲಿ ರೊಮ್ಮೆಲ್‌ನ ಹೆಸರಿನ ಕೆಳಗೆ ಇನ್ನೊಂದು ಸಾಲು ಸೇರಿಸಿ: ಮೆಕಿಲಿ, 8 ಏಪ್ರಿಲ್ 1941, 3ನೇ ಇಂಡಿಯನ್ ಮೋಟರ್ ಬ್ರಿಗೇಡ್.

ಇಂತಿ,
ನಿಮ್ಮ ಕೆಲಸವನ್ನು ಮೆಚ್ಚಿ ನೋಡುವ ಒಬ್ಬ ಓದುಗ